ಜಮೈಕಾದ ಆಪಲ್‌ಟನ್ ಎಸ್ಟೇಟ್ 21 ವರ್ಷದ ರಮ್ ಅಷ್ಟು ದುಬಾರಿ ಏಕೆ?

ಮುಖ್ಯ ಕಾರಣ ಅಲ್ಲಿನ ಸೆಕೆ. ಓಕ್ ಪೀಪಾಯಿಯಲ್ಲಿಟ್ಟ ರಮ್ ಜಮೈಕಾದಲ್ಲಿ ವರ್ಷಕ್ಕೆ ಸುಮಾರು 6% ಆವಿಯಾಗಿ ಹೋಗುತ್ತದೆ. ತಣ್ಣಗಿನ ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಕಳೆದುಕೊಳ್ಳುವುದು 2% ಆಸುಪಾಸು. ಜಮೈಕಾದ ಲೆಕ್ಕದಲ್ಲಿ 21 ವರ್ಷ ಕಳೆದರೆ 100 ಲೀಟರಿನಲ್ಲಿ ಉಳಿಯುವುದು ಸುಮಾರು 27 ಲೀಟರ್! ಜೊತೆಗೆ, ಬಾಟಲಿ ಮೇಲಿನ 21 ಸರಾಸರಿ ವಯಸ್ಸಲ್ಲ, ಮಿಶ್ರಣದಲ್ಲಿರುವ ಅತಿ ಎಳೆಯ ರಮ್ಮಿನ ವಯಸ್ಸು. ಎಲ್ಲ ಬ್ರ್ಯಾಂಡುಗಳ ಅಂಕಿಗೂ ಈ ಅರ್ಥ ಇರುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ.

ಎಸ್ಟೇಟ್ ಇರುವುದು ಸೇಂಟ್ ಎಲಿಜಬೆತ್ ಪ್ಯಾರಿಷ್‌ನ (ಜಿಲ್ಲೆಯಂಥ ಆಡಳಿತ ವಿಭಾಗ) ನಸ್ಸೌ ಕಣಿವೆಯಲ್ಲಿ. ರಮ್ ತಯಾರಿಕೆಯ ದಾಖಲೆ 1749ರಿಂದ ಸಿಗುತ್ತದೆ. ಜಾಹೀರಾತುಗಳು ‘ಪರಂಪರೆ’ ಎನ್ನುವ ಈ ಚರಿತ್ರೆಯಲ್ಲಿ 1830ರ ದಶಕದವರೆಗೆ ಕಬ್ಬು ಕಡಿದವರು ಆಫ್ರಿಕಾ ಮೂಲದ ಗುಲಾಮರು ಎಂಬುದೂ ಸೇರಿದೆ.

ಕಾಕಂಬಿಯನ್ನು ಹುದುಗಿಸಿ, ತಾಮ್ರದ ಪಾಟ್ ಸ್ಟಿಲ್ (ಹಂಡೆಯಂಥ ಭಟ್ಟಿ) ಮತ್ತು ಕಾಲಮ್ ಸ್ಟಿಲ್ (ಎತ್ತರದ ಕಂಬದಂಥ ಭಟ್ಟಿ) ಎರಡರಲ್ಲೂ ಭಟ್ಟಿ ಇಳಿಸುತ್ತಾರೆ. ಗಾಢ ಪರಿಮಳ ಬರುವುದು ಮೊದಲನೆಯದರಿಂದ, ಹಗುರತನ ಎರಡನೆಯದರಿಂದ. ಇವನ್ನು ಹದವಾಗಿ ಬೆರೆಸುವುದೇ ನಿಜವಾದ ಕಸುಬು. ರಸಾಯನಶಾಸ್ತ್ರ ಓದಿದ ಜಾಯ್ ಸ್ಪೆನ್ಸ್ 1997ರಲ್ಲಿ ಇಲ್ಲಿ ಮಾಸ್ಟರ್ ಬ್ಲೆಂಡರ್, ಅಂದರೆ ಈ ಮಿಶ್ರಣದ ಮುಖ್ಯಸ್ಥೆ, ಆದರು. ಮದ್ಯೋದ್ಯಮದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಎಂಬ ಹೆಸರು ಅವರದು.