ಸಿಸ್ಟರ್‌ಗಳ ಹೈಸ್ಕೂಲಿನಲ್ಲಿ ಓದುವ ಮಗಳಿಗೆ ಸ್ಕಾಲರ್‌ಶಿಪ್ ಸಿಗುತ್ತಾ?

ನಿಮ್ಮ ಮಗಳು ಮಂಡ್ಯದಲ್ಲಿ ಸಿಸ್ಟರ್‌ಗಳು ನಡೆಸುವ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು. ನಿಮ್ಮದು ಬೇಸಾಯದ ಮನೆ, ಕ್ರೈಸ್ತರಲ್ಲ. ಕ್ಯಾಥೊಲಿಕ್ ಶಾಲೆಯ ಮಕ್ಕಳಿಗೆ ಕೊಡುವ ಸ್ಕಾಲರ್‌ಶಿಪ್ ಅವಳಿಗೂ ಸಿಗುತ್ತಾ ಅಂತ ಕೇಳಿದ್ದೀರಿ.

ಸಿಗುತ್ತೆ. ನಾನು ಮೈಸೂರಿನ ಒಂದು ಕ್ಯಾಥೊಲಿಕ್ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವನು. ಸ್ಕಾಲರ್‌ಶಿಪ್ ಅರ್ಜಿಗಳ ಕೆಲಸವೂ ನನ್ನ ಪಾಲಿಗೇ ಇತ್ತು. ಹಾಗಾಗಿ ಹೇಳ್ತೀನಿ, ಮೊದಲು ಶಾಲೆಯ ಆಫೀಸಿಗೆ ಹೋಗಿ ಒಂದೇ ಮಾತು ಕೇಳಿ: ಮಗಳು ಓದುತ್ತಿರುವ ವಿಭಾಗ ಅನುದಾನಿತವಾ, ಅನುದಾನರಹಿತವಾ? ಒಂದೇ ಕಾಂಪೌಂಡಿನಲ್ಲಿ, ಒಂದೇ ಸಂತರ ಹೆಸರಿನಲ್ಲಿ ಎರಡೂ ಇರಬಹುದು. ಕನ್ನಡ ಮಾಧ್ಯಮಕ್ಕೆ ಸರ್ಕಾರದ ಅನುದಾನ ಇರುತ್ತೆ, ಪಕ್ಕದ ಕಟ್ಟಡದ ಇಂಗ್ಲಿಷ್ ಮಾಧ್ಯಮಕ್ಕೆ ಇರೋದಿಲ್ಲ. ಯೂನಿಫಾರ್ಮ್ ನೋಡಿ ಗೊತ್ತಾಗಲ್ಲ. ದೇಶದ ಶಾಲೆಗಳ ಮಾಹಿತಿ ಇರುವ ಸರ್ಕಾರದ ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಯಾವ ಬಗೆಯ ಶಾಲೆ ಅಂತ ಅಲ್ಲೇ ತೋರಿಸುತ್ತೆ.

ಇದನ್ನು ಯಾಕೆ ಮೊದಲು ಹೇಳಿದೆ ಅಂದ್ರೆ, ಎಂಟನೇ ಕ್ಲಾಸಿನ ಮಕ್ಕಳಿಗೆ ಇರುವ ದೊಡ್ಡ ಅವಕಾಶ ಎನ್‌ಎಂಎಂಎಸ್ ಪರೀಕ್ಷೆ, ಅಂದ್ರೆ ವರಮಾನ ಮತ್ತು ಪ್ರತಿಭೆ ಎರಡನ್ನೂ ನೋಡಿ ಕೊಡುವ ರಾಷ್ಟ್ರೀಯ ವಿದ್ಯಾರ್ಥಿವೇತನದ ಪರೀಕ್ಷೆ. ಕೇಂದ್ರ ಸರ್ಕಾರ 2008ರಲ್ಲಿ ಶುರು ಮಾಡಿದ್ದು. ಇಡೀ ದೇಶಕ್ಕೆ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನ. ಆಯ್ಕೆಯಾದವರಿಗೆ ಒಂಬತ್ತನೇ ಕ್ಲಾಸಿನಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000 ಆಯ್ತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳು ಬರೆಯಬಹುದು. ಅನುದಾನರಹಿತ ಖಾಸಗಿ ಶಾಲೆಯವರಿಗೆ ಅವಕಾಶ ಇಲ್ಲ. ಶಾಲೆ ನಡೆಸುವವರ ಧರ್ಮವಾಗಲಿ, ನಿಮ್ಮ ಧರ್ಮವಾಗಲಿ ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ದಾಟಿರಬಾರದು. ಏಳನೇ ಕ್ಲಾಸಿನಲ್ಲಿ ಶೇ 55 ಅಂಕ ಬಂದಿರಬೇಕು, ಪರಿಶಿಷ್ಟರಿಗೆ ಶೇ 50 ಸಾಕು.

ಪರೀಕ್ಷೆಯಲ್ಲಿ ಎರಡು ಪತ್ರಿಕೆ, ಒಂದೊಂದಕ್ಕೆ 90 ಪ್ರಶ್ನೆ. ಒಂದು ಪಾಠದ ವಿಷಯಗಳದ್ದು: ವಿಜ್ಞಾನ, ಸಮಾಜ, ಗಣಿತ. ಇನ್ನೊಂದು ಬುದ್ಧಿ ಸಾಮರ್ಥ್ಯದ್ದು. ಚೆನ್ನಾಗಿ ಓದುವ ಮಕ್ಕಳೇ ಈ ಎರಡನೆಯದರಲ್ಲಿ ಕಷ್ಟಪಡ್ತಾರೆ. 3, 7, 15, 31 ಆದಮೇಲೆ ಯಾವ ಸಂಖ್ಯೆ ಅಂತ ಕೇಳಿದರೆ ಪೆನ್ನು ಕಚ್ಚಿಕೊಂಡು ಕೂತುಬಿಡ್ತಾರೆ. ಪ್ರತಿ ಸಲ ಎರಡರಷ್ಟು ಮಾಡಿ ಒಂದು ಸೇರಿಸಿದ್ದಾರೆ ಅಂತ ಕಂಡರೆ 63 ತಾನಾಗಿ ಬರುತ್ತೆ. ಒಂದು ಸಲ ಈ ಜಾಡು ಸಿಕ್ಕಿತು ಅಂದ್ರೆ ಹುಡುಗಿಯರು ಮಧ್ಯಾಹ್ನದ ಊಟದ ಹೊತ್ತಿಗೂ ಬಂದು ‘ಸರ್, ಇನ್ನೊಂದು ಕೊಡಿ’ ಅಂತಿದ್ದರು. ಇದಕ್ಕೆ ಟ್ಯೂಷನ್ ಬೇಡ. ಹಳೆ ಪ್ರಶ್ನೆಪತ್ರಿಕೆ ತಂದು ದಿನಾ ಒಂದಿಷ್ಟು ಬಿಡಿಸಿದರೆ ಸಾಕು. ಅರ್ಜಿ ಮಾತ್ರ ಶಾಲೆಯ ಮೂಲಕವೇ ಹೋಗಬೇಕು. ನೋಟಿಸ್ ಬೋರ್ಡ್ ನಂಬಿ ಕೂರಬೇಡಿ, ಹೆಡ್ ಮಿಸ್ಸನ್ನು ನೀವೇ ಹೋಗಿ ಕೇಳಿ.

ಆಯ್ಕೆಯಾದಮೇಲೂ ಕೆಲಸ ಮುಗಿದಿರೋದಿಲ್ಲ. ಒಂಬತ್ತಕ್ಕೆ ಬಂದ ಕೂಡಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ವರ್ಷ ವರ್ಷ ನವೀಕರಿಸಬೇಕು. ಅರ್ಜಿಯನ್ನು ಮೊದಲು ಶಾಲೆ, ಆಮೇಲೆ ಜಿಲ್ಲೆ ಪರಿಶೀಲಿಸುತ್ತೆ. ಹತ್ತರಲ್ಲಿ ಶೇ 60 ಬಂದರೆ ಮಾತ್ರ ಪಿಯುಗೆ ದುಡ್ಡು ಮುಂದುವರಿಯುತ್ತೆ, ಪರಿಶಿಷ್ಟರಿಗೆ ಶೇ 5 ವಿನಾಯಿತಿ ಇದೆ. ಪರೀಕ್ಷೆ ಗೆದ್ದ ಮಗು ಬರೀ ನವೀಕರಣ ಮಾಡದೆ ದುಡ್ಡು ಕಳೆದುಕೊಳ್ಳೋದು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ದಯವಿಟ್ಟು ನಿಮ್ಮ ಮನೆಯಲ್ಲಿ ಹಾಗಾಗೋದು ಬೇಡ.

ಮಗಳ ವಿಭಾಗ ಅನುದಾನರಹಿತ ಅಂತ ಗೊತ್ತಾದರೆ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಇವೆ. ನಿಮ್ಮ ಜಾತಿ, ಆದಾಯಕ್ಕೆ ಯಾವುದು ಹೊಂದುತ್ತೆ ನೋಡಿ. ಬೇಸಾಯದವರು ಅಂದಿರಲ್ಲ, ರೈತ ವಿದ್ಯಾನಿಧಿ ಬಗ್ಗೆಯೂ ವಿಚಾರಿಸಿ. 2021ರಲ್ಲಿ ಶುರುವಾದ ಯೋಜನೆ. ಎಂಟರಿಂದ ಹತ್ತರವರೆಗಿನ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 2,000 ರೂಪಾಯಿ ಅಂತ ಗೊತ್ತು ಮಾಡಿದ್ದರು. ಈ ವರ್ಷದ ಸ್ಥಿತಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅದಕ್ಕೆ ಪಹಣಿ ಜೋಡಿಸಿದ ಎಫ್‌ಐಡಿ, ಅಂದ್ರೆ ರೈತರ ಗುರುತಿನ ನಂಬರ್ ಬೇಕು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸಿಗುವ ಉಚಿತ ಸೀಟಿನ (ಆರ್‌ಟಿಇ) ಆಸೆ ಮಾತ್ರ ಬಿಡಿ. ಅಲ್ಪಸಂಖ್ಯಾತರ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಸಾಲದ್ದಕ್ಕೆ ಆ ಸೀಟು ಇರೋದೇ ಎಂಟನೇ ಕ್ಲಾಸಿನವರೆಗೆ.

ಇದನ್ನು ಓದುವ ಕ್ರೈಸ್ತ ತಂದೆತಾಯಿಗಳಿಗೂ ಒಂದು ಮಾತು. ಕರ್ನಾಟಕದಲ್ಲಿ ಕ್ರೈಸ್ತರು ಹಿಂದುಳಿದ ವರ್ಗಗಳ 3ಬಿ ಪಟ್ಟಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಮತಾಂತರವಾದವರು ಪ್ರವರ್ಗ 1ರಲ್ಲಿ ಬರ್ತಾರೆ. ತುಂಬಾ ಮನೆಗಳಲ್ಲಿ ಇದು ಗೊತ್ತೇ ಇಲ್ಲ, ಪ್ರಮಾಣಪತ್ರವನ್ನೇ ಮಾಡಿಸಿರಲ್ಲ. ಇನ್ನೊಂದು, ಹೆಸರಿನ ತಕರಾರು. ಜ್ಞಾನಸ್ನಾನದ ಪುಸ್ತಕದಲ್ಲಿ ಜೋಸೆಫ್ ಚಿನ್ನಪ್ಪ, ಆಧಾರ್‌ನಲ್ಲಿ ಬರೀ ಚಿನ್ನಪ್ಪ, ಶಾಲೆಯ ಸ್ಯಾಟ್ಸ್ ದಾಖಲೆಯಲ್ಲಿ (ಮಕ್ಕಳ ವಿವರ ಇಡುವ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಸಿ. ಜೋಸೆಫ್ ಅಂತಿದ್ದರೆ ಕಂಪ್ಯೂಟರಿಗೆ ಅವರು ಮೂರು ಜನ. ಅರ್ಜಿ ಅಲ್ಲೇ ನಿಂತುಬಿಡುತ್ತೆ. ಜೂನ್‌ನಲ್ಲೇ ಸರಿ ಮಾಡಿಸಿ.

ಕಾಗದ ಪತ್ರದ ವಿಷಯ ಎಲ್ಲರಿಗೂ ಒಂದೇ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ. ಅದರ ಮೇಲೆ ಆರ್‌ಡಿ ಅಂತ ಶುರುವಾಗೋ ನಂಬರ್ ಇರುತ್ತೆ, ಪೋರ್ಟಲ್ ಕೇಳೋದು ಅದನ್ನೇ. ಆಮೇಲೆ ಮಗಳ ಬ್ಯಾಂಕ್ ಖಾತೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಅಂದರೆ ಸಾಲದು. ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ ಅಂತ ಅದೇ ಪದ ಹೇಳಿ ಕೇಳಿ; ಸರ್ಕಾರದ ದುಡ್ಡು ಆಧಾರ್ ನಂಬರಿನ ಮೇಲೆ ಯಾವ ಖಾತೆಗೆ ಬರಬೇಕು ಅಂತ ಗೊತ್ತು ಮಾಡೋದು ಅದೇ. ಎರಡು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೇ ದುಡ್ಡು ಬೀಳೋದು. ಯಾವ ಖಾತೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ನೋಡಬಹುದು.

ಸರ್ಕಾರದ ಆಚೆಗೂ ದಾರಿ ಇದೆ. ಹಳೆಯ ಕ್ಯಾಥೊಲಿಕ್ ಶಾಲೆಗಳಲ್ಲಿ ಹಳೆ ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು ಇಟ್ಟ ದತ್ತಿ ನಿಧಿಗಳು ಇರುತ್ತವೆ. ಸ್ಕೂಲ್ ಡೇ ದಿನ ಸ್ಟೇಜ್ ಮೇಲೆ ಕವರ್ ಕೊಡ್ತಾರಲ್ಲ, ಅದರಲ್ಲಿ ಸುಮಾರು ಅಲ್ಲಿಂದಲೇ ಬರೋದು. ಕೆಲವು ಅಂಕಕ್ಕೆ, ಕೆಲವು ಕಷ್ಟದಲ್ಲಿರುವ ಮನೆಯ ಮಕ್ಕಳಿಗೆ. ಹಾಗೇ ಎಷ್ಟೋ ಚರ್ಚ್‌ಗಳಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಇದೆ. ಫ್ರೆಡ್ರಿಕ್ ಓಜನಾಂ ಎಂಬ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ 1833ರಲ್ಲಿ ಪ್ಯಾರಿಸ್‌ನಲ್ಲಿ ಕಟ್ಟಿದ್ದು. ಬಡವರ ಮನೆಗೇ ಹೋಗಿ ನೋಡಿ ನೆರವು ಕೊಡೋದು ಅವರ ಪದ್ಧತಿ. ಧರ್ಮ ಕೇಳಿ ಕೊಡುವವರಲ್ಲ. ಕೇಳೋಕೆ ಸಂಕೋಚ ಬೇಡ. ಹೆಡ್ ಮಿಸ್ ಹೆಸರಿಗೆ ಒಂದು ಪುಟದ ಕನ್ನಡ ಪತ್ರ ಬರೆಯಿರಿ. ಎಷ್ಟು ಜಮೀನು, ಮನೆಯಲ್ಲಿ ಓದುವವರು ಎಷ್ಟು ಜನ, ಯಾವ ಕಂತಿನ ಫೀಸು ಕಟ್ಟೋಕೆ ಆಗ್ತಿಲ್ಲ, ಇಷ್ಟು ನೇರವಾಗಿ ಇರಲಿ. ಆದಾಯ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿ. ಬಾಯಿಮಾತಿನಲ್ಲಿ ಕೇಳಿದ್ದು ಮರೆತುಹೋಗುತ್ತೆ, ಪತ್ರ ಫೈಲಿನಲ್ಲಿ ಉಳಿಯುತ್ತೆ. ಆಡಳಿತ ಮಂಡಳಿಯ ಮುಂದೆ ಸಿಸ್ಟರ್ ಇಡೋದು ಆ ಪತ್ರವನ್ನೇ.