ಕಣದಲ್ಲಿ ಕೈ ಕುಲುಕ್ತಾರೆ, ಹೊರಗೆ ಕಾಲರ್ ಹಿಡೀತಾರೆ

ಪ್ರಶ್ನೆ: ನನ್ನ ತಂಗಿ ಮಗನಿಗೆ 19 ವರ್ಷ. ಮನೆಯಲ್ಲಿ ತೀರಾ ಪಾಪದವನು. ಆದರೆ ಗಣಪತಿ ಬಿಡೋ ದಿನ, ಐಪಿಎಲ್ ಫೈನಲ್ ರಾತ್ರಿ, ಮೆಚ್ಚಿನ ಹೀರೋ ಸಿನಿಮಾ ಬಂದಾಗ ಬೇರೆಯೇ ಹುಡುಗ. ಈ ಸಲ ಮೆರವಣಿಗೆಯಿಂದ ಅಂಗಿ ಹರಿದುಕೊಂಡು ಬಂದ. ದೇವರಿಗೂ ಆಟಕ್ಕೂ ಹೊಡೆದಾಟ ಯಾಕೆ ಅಂಟಿಕೊಳ್ಳುತ್ತೆ?
— ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಉತ್ತರ: ಅಂಗಿ ಹೇಗೆ ಹರೀತು ಅಂತ ಕೇಳಿದ್ರಾ? ಅವನಿಗೂ ಸರಿಯಾಗಿ ಗೊತ್ತಿರಲ್ಲ ಬಿಡಿ.

ಜಾತ್ರೆ ಕುಸ್ತಿ ನೋಡಿದ್ದೀರಲ್ವಾ? ಪೈಲ್ವಾನರು ಕಣದ ಮಣ್ಣು ಕೈಗೆ ಸವರಿಕೊಂಡು, ಕೈ ಕುಲುಕಿ ಶುರು ಮಾಡುತ್ತಾರೆ. ಪಟ್ಟು ಹಾಕಬಹುದು, ಗುದ್ದುವಂತಿಲ್ಲ. ಬೆನ್ನು ಮಣ್ಣಿಗೆ ತಾಗಿದರೆ ಮುಗೀತು. ನಾನು ಒಮ್ಮೆ ಹೀಗೆ ನೋಡುತ್ತಾ ನಿಂತಿದ್ದಾಗ, ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ ಇಬ್ಬರು 'ನಮ್ಮ ಹುಡುಗನಿಗೆ ಮೋಸ' ಅಂತ ಕಾಲರ್ ಹಿಡಿದುಕೊಂಡರು. ಮಂಡಕ್ಕಿಯೆಲ್ಲ ನೆಲಕ್ಕೆ. ಅತ್ತ ಕಣದೊಳಗೆ ಸೋತವನು ಗೆದ್ದವನ ಹೆಗಲ ಮೇಲೆ ಕೈ ಹಾಕಿ ನಗ್ತಾ ಇದ್ದ!

1996ರ ವಿಶ್ವಕಪ್ ಸೆಮಿಫೈನಲ್ ನೆನಪಿದೆಯಾ? ಕೋಲ್ಕತ್ತದಲ್ಲಿ ಭಾರತ 120ಕ್ಕೆ 8 ಆದಾಗ ಬಾಟಲಿ ತೂರಿದ್ದು, ಬೆಂಕಿ ಹಚ್ಚಿದ್ದು ಆಟಗಾರರಲ್ಲ, ಗ್ಯಾಲರಿಯವರು. ಪಂದ್ಯ ಶ್ರೀಲಂಕಾಗೆ ಹೋಯಿತು. 2006ರಲ್ಲಿ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಅಳೋಕೆ ಬಂದವರ ನಡುವೆಯೇ ಕಲ್ಲು, ಬೆಂಕಿ. ಒಬ್ಬ ಪೊಲೀಸ್ ಸೇರಿದಂತೆ ಹಲವರು ಸತ್ತರು.

ಆಡುವವನಿಗೆ ಒಂದು ಕೆಲಸ ಇರುತ್ತೆ. ನೋಡುವವನಿಗೆ ಏನೂ ಇಲ್ಲ, ಕೂಗೋದು ಬಿಟ್ಟರೆ. ಕೇರಿಯ ಹಬ್ಬದಲ್ಲಿ ಒಬ್ಬ ಹಲಗೆ ಬಡೀತಿದ್ದ, ಒಬ್ಬ ಪಲ್ಲಕ್ಕಿ ಹೊರುತ್ತಿದ್ದ, ಮಿತಿ ಮೀರಿದರೆ 'ಏಯ್, ನಿಮ್ಮಪ್ಪನಿಗೆ ಹೇಳ್ಲಾ?' ಅನ್ನೋ ಹಿರಿಯರೊಬ್ಬರು ಇರುತ್ತಿದ್ದರು. (ಹಾಗಂತ ಹಳೇ ಕಾಲ ಚಿನ್ನ ಅಲ್ಲ. ತೇರಿನ ಹಗ್ಗ ಮೊದಲು ಯಾರು ಮುಟ್ಟಬೇಕು ಅಂತಲೂ ತಲೆ ಒಡೆದಿವೆ.) ಈಗ ಡಿಜೆ ಎದುರು ಯಾರು ಏನು ಹೇಳಿದರೂ ಕೇಳಿಸಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ 2000ದ ನಿಯಮ ಇದೆ, ಕೇಳೋರು ಯಾರು? ಇನ್ನು ಕಲ್ಲು ತಾನಾಗಿ ಹಾರಿ ಬರಲ್ಲ. ಹುರಿದುಂಬಿಸಿದವರು ಆ ಹೊತ್ತಿಗೆ ಮನೆ ಸೇರಿರುತ್ತಾರೆ, ಸಿಕ್ಕಿಬೀಳೋದು ನಿಮ್ಮ ಹುಡುಗನಂಥವರು.

ಬೈಯಬೇಡಿ. ಮುಂದಿನ ವರ್ಷ ಗಣಪತಿ ಕಮಿಟಿಯವರಿಗೆ ಹೇಳಿ ಒಂದು ಕೆಲಸ ಕೊಡಿಸಿ. ಟ್ರ್ಯಾಕ್ಟರ್ ಮುಂದೆ ದಾರಿ ಬಿಡಿಸಲಿ, ಜನರೇಟರ್ ನೋಡಿಕೊಳ್ಳಲಿ, ಸ್ವಯಂಸೇವಕರ ಪಟ್ಟಿಯಲ್ಲಿ ಹೆಸರು ಇರಲಿ. ಆ ಅಂಗಿ ಮಾತ್ರ ಅವನೇ ಹೊಲಿದುಕೊಳ್ಳಲಿ, ನೀವು ಸೂಜಿ ದಾರ ಕೊಡಿ ಸಾಕು.