ಎರಡು ರಿಸೀವರ್, ಒಂದು ಪಡಸಾಲೆ

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಪಡಸಾಲೆ 14 ಅಡಿ ಉದ್ದ, 11 ಅಡಿ ಅಗಲವಿದೆ. ಮೇಲೆ ಆರ್‌ಸಿಸಿ ಚಾವಣಿ, ಕೆಳಗೆ ನುಣುಪಾದ ಟೈಲ್ಸ್. ಐದು ಸ್ಪೀಕರ್ ಮತ್ತು ಕೆಳಸ್ವರಗಳಿಗೆಂದೇ ಇರುವ ಒಂದು ಸಬ್‌ವೂಫರ್ ಮೊದಲಿನಿಂದಲೂ ಇವೆ. ಸ್ಪೀಕರುಗಳ ಹಿಂದೆ 88 ಡೆಸಿಬಲ್, 8 ಓಮ್ ಎಂದು ಬರೆದಿದೆ. ಇವಕ್ಕೆಲ್ಲ ಸದ್ದು ಹಂಚುವ ಹಳೆಯ ರಿಸೀವರ್ ಕೆಟ್ಟಿರುವುದರಿಂದ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಡೆನಾನ್ ಎವಿಆರ್-ಎಕ್ಸ್1700ಎಚ್ ಮತ್ತು ಯಮಾಹಾ ಆರ್‌ಎಕ್ಸ್-ವಿ6ಎ ಎಂಬ ಎರಡನ್ನು ಹೆಚ್ಚುಕಡಿಮೆ ಒಂದೇ ಬೆಲೆಗೆ ಕೊಡುತ್ತೇವೆ ಎಂದಿದ್ದಾರೆ. ಯಮಾಹಾದ್ದು 100 ವ್ಯಾಟ್, ಡೆನಾನ್‌ನದು 80 ವ್ಯಾಟ್, ಆದ್ದರಿಂದ ಯಮಾಹಾವೇ ಮೇಲು ಎಂಬುದು ಅವರ ಸಲಹೆ. ಮನೆಯಲ್ಲಿ ನಾವೆಲ್ಲ ಸಿನಿಮಾ ನೋಡುತ್ತೇವೆ, ಮಗ ವಿಡಿಯೊ ಗೇಮ್ ಆಡುತ್ತಾನೆ, ತಂದೆಯವರು ತಮ್ಮ ಹಳೆಯ ಎಲ್‌ಪಿ ತಟ್ಟೆಗಳಲ್ಲಿ ಹಿಂದೂಸ್ತಾನಿ ಗಾಯನ ಕೇಳುತ್ತಾರೆ. ರಿಸೀವರ್ ಇಡಬೇಕಾದ ಟಿವಿ ಕಪಾಟಿನ ಗೂಡು 15 ಇಂಚು ಆಳವಿದೆ. ಯಾವುದನ್ನು ಕೊಳ್ಳಲಿ?
ಒಬ್ಬ ಓದುಗರು, ಧಾರವಾಡ

ಉತ್ತರ: ನಿಮ್ಮ ಮನೆಗೆ ನಾನು ಡೆನಾನ್ ಅನ್ನೇ ಸೂಚಿಸುತ್ತೇನೆ. ಆದರೆ ಅಂಗಡಿಯವರು ವ್ಯಾಟಿನ ಮಾತೆತ್ತಿರುವುದರಿಂದ ಮೊದಲು ಅದನ್ನು ಬಗೆಹರಿಸೋಣ.

ಆ 80 ಮತ್ತು 100 ವ್ಯಾಟುಗಳೆರಡೂ ಕೇವಲ ಎರಡು ಚಾನಲ್‌ಗಳು (ಒಂದು ಸ್ಪೀಕರಿಗೆ ಒಂದು ಚಾನಲ್) ದುಡಿಯುವಾಗ, 8 ಓಮಿನ ಭಾರದ ಮೇಲೆ ಅಳೆದ ಅಂಕಿಗಳು. ಐದೂ ಸ್ಪೀಕರ್ ಒಟ್ಟಿಗೆ ದುಡಿಯುವಾಗ ಒಳಗಿರುವ ಒಂದೇ ಟ್ರಾನ್ಸ್‌ಫಾರ್ಮರ್ ಎಲ್ಲಕ್ಕೂ ಹಂಚಬೇಕಾಗುವುದರಿಂದ, ಎರಡು ಪೆಟ್ಟಿಗೆಗಳೂ ಪ್ರತಿ ಚಾನಲ್‌ಗೆ ಅಷ್ಟನ್ನು ಕೊಡಲಾರವು. ಸೇರಿಗೆ ಸವ್ವಾಸೇರು ಎನ್ನುತ್ತೇವಲ್ಲ, ಇಲ್ಲಿ ಲೆಕ್ಕ ಅಕ್ಷರಶಃ ಹಾಗೆಯೇ ಇದೆ: 80ರ ಸವ್ವಾ ಪಟ್ಟು 100. ಆದರೆ ಕಿವಿ ಸೇರಿನಲ್ಲಿ ಅಳೆಯುವುದಿಲ್ಲ. ಶಕ್ತಿ ಎರಡು ಪಟ್ಟಾದರೆ ಸದ್ದು 3 ಡೆಸಿಬಲ್ ಏರುತ್ತದೆ. ಸವ್ವಾ ಪಟ್ಟಾದರೆ ಏರುವುದು ಸುಮಾರು 1 ಡೆಸಿಬಲ್ ಮಾತ್ರ, ಅದನ್ನು ಗುರುತಿಸಲು ಕಿವಿಗೊಟ್ಟೇ ಕೂರಬೇಕು. ನಿಮ್ಮ ಸ್ಪೀಕರ್ ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ 88 ಡೆಸಿಬಲ್ ಸದ್ದು ಮಾಡುತ್ತದೆ. ನೀವು 3 ಮೀಟರ್ ದೂರ ಕುಳಿತರೆ ಅದರಲ್ಲಿ ಒಂಬತ್ತೂವರೆ ಡೆಸಿಬಲ್ ಕಳೆದು 78ರಷ್ಟು ಉಳಿಯುತ್ತದೆ, ಗೋಡೆಗಳು ಮರಳಿಸುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಸಿನಿಮಾದ ಮಾತುಗಳನ್ನು ಮನೆಯಲ್ಲಿ 70 ಡೆಸಿಬಲ್ ಆಸುಪಾಸು ಕೇಳಿದರೂ ಸಾಕಷ್ಟು ಜೋರೆನಿಸುತ್ತದೆ. ಅಂದರೆ ಹೆಚ್ಚಿನ ಹೊತ್ತು ನಿಮ್ಮ ಸ್ಪೀಕರುಗಳು ಉಣ್ಣುವುದು ಒಂದು ವ್ಯಾಟಿಗಿಂತ ಕಡಿಮೆ. ಸ್ಫೋಟದ ದೃಶ್ಯ ಬಂದಾಗ 80 ವ್ಯಾಟಿನಲ್ಲಿ 97, 100 ವ್ಯಾಟಿನಲ್ಲಿ 98 ಡೆಸಿಬಲ್ ತಲುಪುತ್ತೀರಿ. ಈ ಒಂದು ಡೆಸಿಬಲ್‌ಗಾಗಿ ರಿಸೀವರ್ ಆರಿಸುವುದು ಬೇಡ.

ಆರಿಸಬೇಕಾದದ್ದು ಕೋಣೆಯನ್ನು ನೋಡಿ. 14 ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ) ಸುಮಾರಿನ ಸ್ವರ ಕಟ್ಟಿಕೊಂಡು ನಿಲ್ಲುತ್ತದೆ, 11 ಅಡಿಯ ಅಗಲದಲ್ಲಿ 51 ಹರ್ಟ್ಜ್‌ನ ಸ್ವರ. ಸೋಫಾದ ಒಂದು ತುದಿಯಲ್ಲಿ ಕುಳಿತವರಿಗೆ ಗುಡುಗು ಎದೆಗೆ ಬಡಿದರೆ, ಪಕ್ಕದಲ್ಲೇ ಕುಳಿತವರಿಗೆ ಅದು ಸಪ್ಪೆಯಾಗಿ ಕೇಳುವುದು ಇದರಿಂದಲೇ. ಇದನ್ನು ತಕ್ಕಮಟ್ಟಿಗೆ ತಿದ್ದಲೆಂದೇ ಎರಡೂ ಕಂಪನಿಗಳು ಪೆಟ್ಟಿಗೆಯೊಡನೆ ಒಂದು ಚಿಕ್ಕ ಮೈಕ್ ಕೊಡುತ್ತವೆ; ಅದನ್ನು ಕೂರುವ ಜಾಗದಲ್ಲಿಟ್ಟರೆ ರಿಸೀವರ್ ಸದ್ದನ್ನು ಅಳೆದು ತಾನೇ ತಿದ್ದುತ್ತದೆ. ಯಮಾಹಾದ ತಿದ್ದುವ ವ್ಯವಸ್ಥೆಗೆ ವೈಪಿಎಒ ಎಂದು ಹೆಸರು, ಡೆನಾನ್‌ನಲ್ಲಿರುವುದು ಆಡಿಸಿ ಮಲ್ಟ್‌ಇಕ್ಯೂ ಎಕ್ಸ್‌ಟಿ. ಡೆನಾನ್‌ನಲ್ಲಿ ಎಂಟು ಜಾಗಗಳವರೆಗೆ ಮೈಕ್ ಇಟ್ಟು ಅಳೆಯಬಹುದು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಪ್ರತ್ಯೇಕ ಹಣ ಕೊಟ್ಟು ಕೊಳ್ಳಬೇಕಾದ ಆಡಿಸಿಯ ಮೊಬೈಲ್ ಆ್ಯಪ್‌ನಲ್ಲಿ ತಿದ್ದುಪಡಿಯ ಹಿಂದಿನ ಮತ್ತು ಮುಂದಿನ ರೇಖೆಗಳನ್ನು ಕಣ್ಣಾರೆ ನೋಡಬಹುದು ಹಾಗೂ ಇಂಥ ಸ್ವರಮಟ್ಟದಿಂದ ಮೇಲೆ ಕೈಹಚ್ಚಬೇಡ ಎಂದು ಗೆರೆ ಎಳೆಯಬಹುದು. ನಾನಾದರೆ 300 ಹರ್ಟ್ಜ್ ಸುಮಾರಿಗೆ ಆ ಗೆರೆ ಎಳೆಯುತ್ತೇನೆ: ಕೋಣೆ ಕೆಡಿಸುವುದು ಹೆಚ್ಚಾಗಿ ಅದರ ಕೆಳಗೆ, ಅದರ ಮೇಲಿನದು ಸ್ಪೀಕರಿನ ಸ್ವಭಾವ. ಯಮಾಹಾದಲ್ಲಿಯೂ ಕೈಯಿಂದ ತಿದ್ದಲು ಅವಕಾಶವಿದೆ, ಆದರೆ ಏನನ್ನು ತಿದ್ದಬೇಕೆಂಬುದನ್ನು ನೀವೇ ಮೊದಲು ಬಲ್ಲವರಾಗಿರಬೇಕು.

ಈ ಮಾತು ನಿಮ್ಮ ತಂದೆಯವರಿಗೇ ಹೆಚ್ಚು ಸಂಬಂಧಿಸಿದ್ದು. ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿಯಲ್ಲಿ, ಹಾಡುವ ಗಾಯಕರ ಷಡ್ಜ 139 ಹರ್ಟ್ಜ್ ಸುಮಾರಿಗಿದ್ದರೆ, ಅವರ ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ 69 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಸಾಮಾನ್ಯವಾಗಿ ರಿಸೀವರ್ 80 ಹರ್ಟ್ಜ್‌ನಲ್ಲಿ ಸದ್ದನ್ನು ಸೀಳಿ, ಕೆಳಗಿನದನ್ನು ಸಬ್‌ವೂಫರಿಗೂ ಮೇಲಿನದನ್ನು ಮುಂದಿನ ಸ್ಪೀಕರುಗಳಿಗೂ ಕಳಿಸುತ್ತದೆ. ಹೀಗಾಗಿ ಒಂದೇ ತಂತಿಯ ಬುಡ ಒಂದು ಮೂಲೆಯಿಂದಲೂ ಅದರ ಝೇಂಕಾರ ಎದುರಿನಿಂದಲೂ ಬರುತ್ತದೆ. ಸಬ್‌ವೂಫರಿನ ಮಟ್ಟ ಮತ್ತು ದೂರ ಸರಿಯಾಗಿ ಕೂಡದಿದ್ದರೆ ತಂಬೂರಿ ಎರಡು ಹೋಳಾಗುತ್ತದೆ, ಖರ್ಜ ಗುಂಯ್‌ಗುಡುತ್ತ ಹಿಂದೆ ಬೀಳುತ್ತದೆ. ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಎದುರಿಗೆ ಕುಳಿತು ಕೇಳಿದವರು ಇನ್ನೂ ಇರುವ ಊರು ನಿಮ್ಮದು. ಇಂಥ ತಪ್ಪು ಅಲ್ಲಿ ಬಹಳ ದಿನ ಮುಚ್ಚಿರಲಾರದು. ಎಲ್‌ಪಿ ಹಾಕಿದಾಗ ರಿಸೀವರನ್ನು ಸ್ಟೀರಿಯೊದಲ್ಲಿಡಿ, ಐದು ಕಡೆಗೆ ಹರಡುವ ಬಗೆಗಳನ್ನು ಮುಟ್ಟಬೇಡಿ. ಡೆನಾನ್‌ನ ಡೈನಾಮಿಕ್ ಇಕ್ಯೂ ಎಂಬ ಸೌಲಭ್ಯ ಸಣ್ಣ ಸದ್ದಿನಲ್ಲಿ ಸಿನಿಮಾ ನೋಡುವಾಗ ಒಳ್ಳೆಯದು, ಆದರೆ ಗಾಯನ ಕೇಳುವಾಗ ಅದು ಕೆಳಸ್ವರಗಳನ್ನು ಉಬ್ಬಿಸುತ್ತದೆ; ಆಗ ಅದನ್ನು ನಿಲ್ಲಿಸಿ, ಇಲ್ಲವೇ ಆ ಉಬ್ಬನ್ನು ತಗ್ಗಿಸುವ ಆಫ್‌ಸೆಟ್ ಅನ್ನು 10 ಅಥವಾ 15 ಡೆಸಿಬಲ್‌ಗೆ ಇಡಿ. ಎಲ್‌ಪಿ ಪ್ಲೇಯರ್ ಜೋಡಿಸುವ ಫೋನೊ ಕಿಂಡಿ ಎರಡರಲ್ಲೂ ಇದೆ. ಮುಳ್ಳು ಎಂಎಂ (ಮೂವಿಂಗ್ ಮ್ಯಾಗ್ನೆಟ್) ಜಾತಿಯದ್ದಾಗಿದ್ದರೆ ಸಾಕು.

ಟೈಲ್ಸ್ ನೆಲದ ಮೇಲೆ, ಸ್ಪೀಕರುಗಳಿಗೂ ಸೋಫಾಕ್ಕೂ ನಡುವೆ, ನವಲಗುಂದದ ಜಮಖಾನೆಯೊಂದನ್ನು ಅಡಿಯಲ್ಲಿ ದಪ್ಪ ಕೌದಿಯ ಸಮೇತ ಹಾಸಿ. ಮಾತಿನ ಅಂಚಿಗೆ ಅಂಟುವ ಗಣಗಣ ಅದರಿಂದ ಇಳಿಯುತ್ತದೆ. ಕೆಳಸ್ವರಗಳಿಗೆ ಮಾತ್ರ ಬಟ್ಟೆ ಲೆಕ್ಕಕ್ಕಿಲ್ಲ, ಅಲ್ಲಿ ಮೈಕೇ ಗತಿ. ಅಳೆಯುವ ಹೊತ್ತಿಗೆ ಫ್ಯಾನ್ ಮತ್ತು ಮಿಕ್ಸರ್ ನಿಲ್ಲಿಸಿರಬೇಕೆಂಬುದನ್ನು ಮನೆಮಂದಿಗೆಲ್ಲ ಮೊದಲೇ ಹೇಳಿಡಿ.

ಇನ್ನು ನಿಮ್ಮ ಗೂಡು. 15 ಇಂಚೆಂದರೆ 381 ಮಿಲಿಮೀಟರ್. ಯಮಾಹಾದ ಆಳ 377 ಮಿಲಿಮೀಟರ್, ಡೆನಾನ್‌ನದು 339. ಯಮಾಹಾ ಇಟ್ಟರೆ ಹಿಂದೆ ಉಳಿಯುವ 4 ಮಿಲಿಮೀಟರಿನಲ್ಲಿ ಒಂದು ವಯರೂ ಬಾಗದು. ಡೆನಾನ್‌ಗೂ 42 ಮಿಲಿಮೀಟರ್ ಬಿಗಿಯೇ, ಎಚ್‌ಡಿಎಂಐ ವಯರುಗಳು ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಹಿಂದಿನ ಪ್ಲೈವುಡ್‌ನಲ್ಲಿ ಒಂದು ಚೌಕ ಕೊರೆಸಿಬಿಡಿ, ಬಿಸಿಗಾಳಿ ಹೋಗಲೂ ದಾರಿಯಾಗುತ್ತದೆ. ಮೇಲೆ ನಾಲ್ಕು ಬೆರಳಾದರೂ ಜಾಗ ಬಿಡಬೇಕು, ಮತ್ತು ದಯವಿಟ್ಟು ಸೆಟ್‌ಟಾಪ್ ಬಾಕ್ಸನ್ನು ಅದರ ತಲೆಯ ಮೇಲೆ ಕೂರಿಸಬೇಡಿ. ನಾನು ನೋಡಿದ ಕೆಟ್ಟ ರಿಸೀವರುಗಳಲ್ಲಿ ಬಹಳಷ್ಟು, ಹೀಗೆ ಉಸಿರು ಕಟ್ಟಿ ಬೆಂದವೇ.

ಉಳಿದ ವಿಷಯಗಳಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ. ಎಚ್‌ಡಿಎಂಐ ಒಳಕಿಂಡಿಗಳು ಯಮಾಹಾದಲ್ಲಿ ಏಳು, ಡೆನಾನ್‌ನಲ್ಲಿ ಆರು. ಮಗನ ಗೇಮ್ ಯಂತ್ರ 4ಕೆ ಚಿತ್ರವನ್ನು ಸೆಕೆಂಡಿಗೆ 120 ಚೌಕಟ್ಟುಗಳಲ್ಲಿ ಕೊಡುವಂಥದ್ದಾಗಿದ್ದರೆ, ಅದನ್ನೂ ಅದರ ವಯರನ್ನೂ ಅಂಗಡಿಗೆ ಒಯ್ದು ಹಣ ಕೊಡುವ ಮೊದಲೇ ಜೋಡಿಸಿ ನೋಡಿ. ಎರಡೂ ಏಳು ಚಾನಲ್‌ನವು, ಎರಡೂ ತಲೆಯ ಮೇಲಿನಿಂದಲೂ ಸದ್ದು ಬರಿಸುವ ಡಾಲ್ಬಿ ಅಟ್ಮಾಸ್ ಬಲ್ಲವು. ಆದ್ದರಿಂದ ಮುಂದೆಂದಾದರೂ ಚಾವಣಿಗೆ ಎರಡು ಸ್ಪೀಕರ್ ಬಿಗಿಸಿಕೊಳ್ಳಬಹುದು. ಕಪಾಟಿನ ಬದಲು ತೆರೆದ ಮೇಜು ಇದ್ದು, ಮೈಕಿನ ಗೊಡವೆ ಬೇಡವೆನ್ನುವ ಮನೆಯಾಗಿದ್ದರೆ ಯಮಾಹಾ ಬೇಡವೆನ್ನಲು ನನಗೆ ಕಾರಣವಿರಲಿಲ್ಲ. ಸಭಾಂಗಣದ ಪ್ರತಿಧ್ವನಿಯನ್ನು ಅನುಕರಿಸುವ ಅದರ ಬಗೆಗಳನ್ನು ಮೆಚ್ಚುವವರು ಅನೇಕರಿದ್ದಾರೆ. ನನಗಂತೂ ಹತ್ತು ನಿಮಿಷಕ್ಕೆ ಸಾಕಾಗುತ್ತದೆ.

ಪ್ರಶ್ನೆ: ಇದೇ ಡೆನಾನ್ ಮಾದರಿಯನ್ನು ಅಮೆರಿಕದಲ್ಲಿರುವ ನಮ್ಮ ಅಳಿಯಂದಿರು ಅಲ್ಲಿಂದ ತರುತ್ತೇನೆನ್ನುತ್ತಾರೆ. ತರಿಸಬಹುದೇ?
ಒಬ್ಬ ಓದುಗರು, ಹಾವೇರಿ

ಉತ್ತರ: ಬೇಡ. ಅಲ್ಲಿ ಮಾರುವ ಯಂತ್ರ 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ಪಿನ್ನು ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ; ನೇರ ಚುಚ್ಚಿದರೆ ಮೊದಲ ದಿನವೇ ಸುಡುತ್ತದೆ. ವೋಲ್ಟೇಜ್ ಇಳಿಸುವ ಭಾರಿ ಟ್ರಾನ್ಸ್‌ಫಾರ್ಮರನ್ನು ಬೇರೆ ಕೊಂಡು, ಅದರ ಗುಂಯ್ ಸದ್ದನ್ನೂ ಸಹಿಸಿಕೊಂಡು, ಇಲ್ಲಿಯ ವಾರಂಟಿಯನ್ನೂ ಕಳೆದುಕೊಂಡ ಮೇಲೆ ಬೆಲೆಯಲ್ಲಿ ಉಳಿದದ್ದು ಏನೂ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಕೊಳ್ಳುವಾಗಲೂ ಹಿಂಬದಿಯ ಚೀಟಿಯಲ್ಲಿ 230 ವೋಲ್ಟ್, 50 ಹರ್ಟ್ಜ್ ಎಂದಿರುವುದನ್ನು ಓದಿಕೊಂಡು, ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಂಡೇ ಪೆಟ್ಟಿಗೆಯನ್ನು ಎತ್ತಿಕೊಳ್ಳಿ.